ಗುಂಡಿಗೆ ತೂತು

ಬೀದಿಯ ಕೊನೆಯ ಹೊಲಿಗೆ ಅಂಗಡಿಯಲ್ಲಿ ದೊಡ್ಡಮ್ಮ ಸೂಜಿ ಹಿಡಿದಳೆಂದರೆ ಮುಗಿಯಿತು, ಆಮೇಲೆ ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಅಂಗಡಿಯ ಯಜಮಾನ, ಎಲ್ಲರೂ ಮಾಸ್ಟರು ಅಂತ ಕರೆಯುವ ದಪ್ಪ ಮೀಸೆಯವರು, ಅವರೇ ಬಂದು ಏನಾದರೂ ಕೇಳಿದರೂ ಅವಳು ತಲೆ ಎತ್ತುತ್ತಿರಲಿಲ್ಲ. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ, "ಹೊಲೀತಾ ಇದೀನಿ, ಮಾತಾಡಿಸ್ಬೇಡಿ" ಅನ್ನುವಳು. ಸೂಜಿ ಕೆಳಗಿಟ್ಟ ಮೇಲೆ ಆ ಬಾಯಿಗೆ ಬೀಗ ಹಾಕುವ ಗಂಡು ಇನ್ನೂ ಹುಟ್ಟಿರಲಿಲ್ಲ, ಅದು ಬೇರೆ ಮಾತು.

ಅವಳ ಕೆಲಸ ಎರಡೇ: ಗುಂಡಿ ಹಾಕುವುದು, ಕಾಜಾ ಮಾಡುವುದು. ಕಾಜಾ ಅಂದರೆ ಗುಂಡಿ ತೂರಿಸುವ ಸೀಳು. ಸೀಳುವುದು ಯಾರ ಕೈಲಾದರೂ ಆಗುತ್ತದೆ. ಸೀಳಿದ ಅಂಚು ಎಳೆ ಬಿಚ್ಚಿಕೊಳ್ಳದ ಹಾಗೆ ಸುತ್ತ ಒತ್ತೊತ್ತಾಗಿ ದಾರದ ಗಂಟು ಕಟ್ಟಿಕೊಂಡು ಬರುವುದಿದೆಯಲ್ಲ, ಅದರಲ್ಲೇ ಕಣ್ಣು ಬಿದ್ದುಹೋಗುತ್ತದೆ. ಅದಕ್ಕೆ ಯಂತ್ರ ಬಂದು ಎಷ್ಟೋ ಕಾಲವಾಯಿತು. ಆದರೂ ದಪ್ಪ ಕೋಟುಗಳಿಗೆ ಕೈ ಕಾಜಾನೇ ಬೇಕೆಂದು ಹಟ ಹಿಡಿಯುವ ಗಿರಾಕಿಗಳು ಇನ್ನೂ ಇದ್ದರು, ಅವರ ದೆಸೆಯಿಂದ ದೊಡ್ಡಮ್ಮನಿಗೂ ಕಿಟಕಿ ಪಕ್ಕದ ಮೂಲೆ ಉಳಿದಿತ್ತು.

ಆ ಮೂಲೆ ಸಿಕ್ಕಿದ್ದೂ ಒಂದು ತಮಾಷೆಯೇ. ಹುಡುಗಿಯಾಗಿದ್ದಾಗ ಅಂಗಿ ಹೊಲಿಯುವುದನ್ನು ಕಲಿಯುತ್ತೇನೆಂದು ಬಂದವಳು ಅವಳು. ಮೆಷಿನ್ ತುಳಿದರೆ ಹೊಲಿಗೆ ಅಂಕುಡೊಂಕು. ಆಗಿನ ಮಾಸ್ಟರು, ಈಗಿನವರ ಅಪ್ಪ, ಹಣೆ ಚಚ್ಚಿಕೊಂಡು, "ತಾಯೀ, ಮೂಲೇಲಿ ಕೂತು ಗುಂಡಿ ಹಾಕು, ಬಟ್ಟೆ ಹಾಳು ಮಾಡ್ಬೇಡ" ಅಂದಿದ್ದರು. ಶಿಕ್ಷೆಯೆಂದು ಕೊಟ್ಟ ಮೂಲೆಯಲ್ಲಿ ಅವಳು ಆ ವಯಸ್ಸಿನಿಂದ ತಲೆ ನರೆಯುವವರೆಗೂ ರಾಣಿಯ ಹಾಗೆ ಕೂತಳು. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೆದಕಿದರೆ ಉತ್ತರ ಸಿದ್ಧವಿತ್ತು: "ಬಂದವರೆಲ್ಲ ಗುಂಡಿ ಕಿತ್ತ ಅಂಗೀನೇ ಹಾಕ್ಕೊಂಡು ಬಂದಿದ್ರು. ನನ್ನ ನೋಡೋಕೆ ಬಂದ್ರೋ ಗುಂಡಿ ಹಾಕಿಸ್ಕೊಳ್ಳೋಕೆ ಬಂದ್ರೋ, ತಿಳೀಲೇ ಇಲ್ಲ."

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ಸಂಸಾರ. ಸಂಸಾರವೆಂದರೆ ತಂಗಿ, ತಂಗಿಯ ಗಂಡ, ಅವರ ಮಗಳು. ತಂಗಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದಳು. ಅವಳ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು, ಮಾತು ಕಡಿಮೆ. ಮಗುವಿಗೆ ಎಲ್ಲರೂ ಇಟ್ಟ ಹೆಸರು ಮೆಣಸು. ಕಾಳಿನಷ್ಟು ಗಾತ್ರ, ಬಾಯಿಗೆ ಬಿದ್ದರೆ ಮಾತ್ರ ಗೊತ್ತಾಗುವ ಖಾರ. ದೊಡ್ಡಮ್ಮನನ್ನು ದೊಡ್ಡಮ್ಮ ಅಂತ ಮೊದಲು ಕರೆದವಳು ಅವಳೇ. ಅವಳನ್ನು ಕೇಳಿ ಕೇಳಿ ಮಾಸ್ಟರೂ ಗಿರಾಕಿಗಳೂ ಹಾಗೇ ಕರೆಯತೊಡಗಿದ್ದರು.

ಶಾಲೆ ಬಿಟ್ಟ ಮೇಲೆ ಮೆಣಸಿನ ಜಾಗ ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ. ಅಲ್ಲಿ ಅವಳಿಗೊಂದು ಡಬ್ಬ ತುಂಬ ಗುಂಡಿ. ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಇನ್ನೊಂದು ಕಡೆ. ಬೀದಿ ನಾಯಿಗೆ ಹೆದರಿ ಓಡಿಬಂದ ದಿನ ದೊಡ್ಡಮ್ಮ ತನ್ನ ಎದೆಯನ್ನು, ಸರಿಯಾಗಿ ರವಿಕೆಯ ಗುಂಡಿಯ ಮೇಲೇ, ಬೆರಳಲ್ಲಿ ಕುಟ್ಟಿ ತೋರಿಸಿ ಗದರಿದ್ದಳು: "ಇಲ್ಲಿ, ಇಲ್ಲಿ ಗುಂಡಿಗೆ ಇರ್ಬೇಕು ಕಣೇ! ಗುಂಡಿಗೆ ಇಲ್ದೋರು ಮನುಷ್ಯರಾ?" ಮೆಣಸು ತನ್ನ ಅಂಗಿಯ ಗುಂಡಿಯನ್ನು ಮುಟ್ಟಿ ನೋಡಿಕೊಂಡು, ಇದೆ ಎಂದು ತಲೆಯಾಡಿಸಿತ್ತು. ಆಗ ಅದು ಯಾರ ಗಮನಕ್ಕೂ ಬರಲಿಲ್ಲ.

ಮೆಣಸಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಮಾತೆತ್ತಿದರೆ ಕೆಮ್ಮು, ನೆಗಡಿ. ತಿಂದದ್ದು ಎಲ್ಲಿಗೆ ಹೋಗುತ್ತದೋ, ಮೈಗೆ ಹತ್ತುತ್ತಿರಲಿಲ್ಲ. ಶಾಲೆಗೆ ಬಂದ ಡಾಕ್ಟರೊಬ್ಬರು ಎದೆಗೆ ಕೊಳವೆ ಇಟ್ಟು ಕೇಳಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ಪರೀಕ್ಷೆ ಮಾಡಿ ಸಮಾಧಾನವಾಗಿಯೇ ಹೇಳಿದರು: ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ, ಹುಟ್ಟಿನಿಂದಲೇ ಬಂದದ್ದು, ಮುಚ್ಚಬಹುದು. ತಂಗಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ದೊಡ್ಡಮ್ಮ ಅಳುವ ಜಾತಿಯಲ್ಲ. ನೇರ ಅಂಗಡಿಗೆ ಬಂದು, ಕೂತು, ಸೂಜಿಗೆ ದಾರ ಪೋಣಿಸಲು ಹೋಗಿ ಪೋಣಿಸಲಾಗದೆ, ಮಾಸ್ಟರಿಗೆ ಅಂದಳು: "ನಮ್ಮ ಮಗು ಗುಂಡಿಗೆ ತೂತಂತೆ ಮಾಸ್ಟ್ರೇ. ಮುಚ್ಚಬೇಕಂತೆ." ಮಾಸ್ಟರು ಕತ್ತರಿ ಕೆಳಗಿಟ್ಟರು. ಮೇಜಿನ ಕೆಳಗಿದ್ದ ಮೆಣಸು ಗುಂಡಿ ಜೋಡಿಸುವುದನ್ನು ನಿಲ್ಲಿಸಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ರಾಮಾಯಣವೇ ಆಗಿಹೋಯಿತು. ತೂತಿನ ಅಂಚು ಹೇಗಿದೆಯೆಂದು ಸರಿಯಾಗಿ ನೋಡಬೇಕಿತ್ತು. ಎದೆಗೆ ತಣ್ಣನೆಯ ಅಂಟು ಸವರಿ, ಒಂದು ಪುಟ್ಟ ಯಂತ್ರವನ್ನು ಒತ್ತಿ ಹಿಡಿದರೆ ಒಳಗಿನದೆಲ್ಲ ಪರದೆಯಲ್ಲಿ ಕಾಣುತ್ತದೆ, ನೋವಿಲ್ಲ ಗೀವಿಲ್ಲ. ಆದರೆ ಮೆಣಸು ಅಂಗಿ ಬಿಚ್ಚಲು ಬಿಟ್ಟರೆ ತಾನೆ! ಎರಡೂ ಕೈಯಲ್ಲಿ ಎದೆ ಅವುಚಿ ಹಿಡಿದು, ಕಟ್ಟಡವೇ ಕಿತ್ತುಹೋಗುವ ಹಾಗೆ ಕಿರುಚಿ, ಅಂಗಿಯ ಗುಂಡಿಗೆ ಕೈ ಹಾಕಿದ ನರ್ಸಮ್ಮನ ಹೆಬ್ಬೆರಳು ಕಚ್ಚಿತು. "ಮುಚ್ಬೇಡಿ! ಮುಚ್ಬೇಡಿ!" ಅಂತ ಒಂದೇ ಸಮನೆ ಅರಚಿತು. ಅತ್ತು ಅತ್ತು ಉಸಿರು ಸಿಕ್ಕದ ಹಾಗಾದಾಗ ಡಾಕ್ಟರಮ್ಮನೇ ಸಾಕೆಂದರು.

"ನೋಡಿಮ್ಮ," ಎಂದರು ಅವರು, ಮಗುವನ್ನು ಅಪ್ಪ ಎತ್ತಿಕೊಂಡು ಹೊರಗೆ ಹೋದ ಮೇಲೆ. "ಅಂಚು ಗಟ್ಟಿಯಾಗಿದ್ರೆ ಎದೆ ಕೊಯ್ಯೋದೇ ಬೇಡ. ತೊಡೆಯ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಅದರೊಳಗಿಂದಾನೇ ಹೋಗಿ ಮುಚ್ಚಬಹುದು. ಅಂಚು ಸಾಲದಿದ್ರೆ ಎದೆ ತೆರೀಲೇಬೇಕು. ಅದನ್ನ ತಿಳ್ಕೊಳ್ಳೋಕೆ ಅವಳು ಅಲುಗಾಡದೆ ಮಲಗ್ಬೇಕು. ನಿದ್ದೆ ಔಷಧಿ ಕೊಡಬಹುದು, ಆದ್ರೆ ಎದೇಲಿ ಇಷ್ಟು ಕಫ ಇಟ್ಕೊಂಡು ಬೇಡ ಅನ್ಸತ್ತೆ. ಒಂದು ವಾರ ಬಿಟ್ಟು ಬನ್ನಿ. ಒಪ್ಪಿಸಿ ಕರ್ಕೊಂಡು ಬನ್ನಿ."

ಒಪ್ಪಿಸುವುದು! ಅಪ್ಪ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದು ಮುಂದಿಟ್ಟ, ಮೆಣಸು ಮುಟ್ಟಲಿಲ್ಲ. ಅಮ್ಮ ಮುದ್ದಿಸಿದಳು, ಬೇಡಿದಳು, ಕೊನೆಗೆ ತಾನೇ ಅತ್ತಳು. ದೊಡ್ಡಮ್ಮ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು, ಬಯ್ದಳು. "ಇಷ್ಟುದ್ದ ಇದೀಯ, ಗುಂಡಿಗೆ ಇಲ್ವೇನೇ ನಿಂಗೆ?" ಅಂದಳು. ಅಷ್ಟು ಹೊತ್ತು ಸುಮ್ಮನಿದ್ದ ಮಗು ಆ ಮಾತಿಗೆ ಹೋ ಎಂದು ಅಳತೊಡಗಿತು. ಆಮೇಲೆ ಓಡುವುದನ್ನು ಬಿಟ್ಟಿತು, ಕುಣಿಯುವುದನ್ನು ಬಿಟ್ಟಿತು. ತುಂಬಿದ ಲೋಟ ಹಿಡಿದುಕೊಂಡವರ ಹಾಗೆ ಎದೆಯ ಮೇಲೆ ಕೈಯಿಟ್ಟುಕೊಂಡೇ ನಡೆಯಿತು. ದೊಡ್ಡಮ್ಮನಿಗೆ ಏನು ಎತ್ತ ಎಂದು ತಿಳಿಯಲಿಲ್ಲ.

ತಿಳಿದದ್ದು ಒಂದು ಮಧ್ಯಾಹ್ನ. ಮಾಸ್ಟರು ಊಟಕ್ಕೆ ಹೋಗಿದ್ದರು. ದೊಡ್ಡಮ್ಮ ಕೆಳಗೆ ಬಿದ್ದ ಸೂಜಿ ಹುಡುಕಲೆಂದು ಮೇಜಿನಡಿ ಬಗ್ಗಿದರೆ, ಮೆಣಸು ನಾಲ್ಕು ತೂತಿನ ದೊಡ್ಡ ಗುಂಡಿಯೊಂದನ್ನು ಹಿಡಿದು ಏನೋ ಸರ್ಕಸ್ ಮಾಡುತ್ತಿತ್ತು. ಬಟ್ಟೆಗೆ ಗುರುತು ಹಾಕುವ ಸೋಪಿನ ಚೂರನ್ನು ಕೆರೆದು ಕೆರೆದು ಗುಂಡಿಯ ತೂತುಗಳಿಗೆಲ್ಲ ಮೆತ್ತಿತ್ತು. ಈಗ ಅದನ್ನು ಒಂದು ಚಿಂದಿಗೆ ಹೊಲಿಯಲು ನೋಡುತ್ತಿತ್ತು. ಸೂಜಿ ಎಲ್ಲಿ ಚುಚ್ಚಿದರೂ ಜಾರುತ್ತಿತ್ತು.

"ಏನೇ ಇದು? ನನ್ನ ಸೋಪೆಲ್ಲ ಹಾಳು ಮಾಡಿದ್ಯಲ್ಲ!"

"ನೋಡು ದೊಡ್ಡಮ್ಮ." ಮೆಣಸು ಗುಂಡಿಯನ್ನು ಮೇಲೆತ್ತಿ ಹಿಡಿಯಿತು. "ತೂತು ಮುಚ್ಚಿದ್ರೆ ಹೊಲಿಯೋಕಾಗಲ್ಲ. ಗುಂಡಿ ಬಿದ್ದೋಗತ್ತೆ. ನಂದೂ ಬಿದ್ದೋಗತ್ತೆ."

"ನಿಂದು ಯಾವುದು ಬೀಳತ್ತೆ?"

"ಗುಂಡಿ! ಎದೆ ಒಳಗಿನ ಗುಂಡಿ. ನೀನೇ ಹೇಳ್ದೆ, ಗುಂಡಿಗೆ ತೂತಿದೆ, ಮುಚ್ಬೇಕು ಅಂತ. ಗುಂಡಿಗೆ ತೂತು ಇರ್ಬೇಕಲ್ವಾ? ತೂತಿಲ್ಲದ ಗುಂಡಿ ಎಲ್ಲಾದ್ರೂ ಉಂಟಾ?"

ದೊಡ್ಡಮ್ಮ ಅಲ್ಲೇ ನೆಲದ ಮೇಲೆ ದಪ್ಪನೆ ಕೂತಳು. ಮೊದಲು ನಗು ಬಂತು, ತಡೆಯಲಾರದ ನಗು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅದು ನಗುವಿನದಲ್ಲ ಎಂದು ಅವಳಿಗೇ ಗೊತ್ತಾಯಿತು. ಇಷ್ಟು ದಿನ ಈ ಕೂಸು ಒಂಟಿಯಾಗಿ ಈ ಹೆದರಿಕೆ ಹೊತ್ತು ತಿರುಗಿದೆಯಲ್ಲ, ಅದೂ ತನ್ನದೇ ಮಾತು ಕೇಳಿ. ಅಯ್ಯೋ ನನ್ನ ಬಾಯಿಗಿಷ್ಟು ಬೆಂಕಿ ಹಾಕ, ಅಂದುಕೊಂಡಳು.

"ಗುಂಡಿ ಬೇರೆ, ಗುಂಡಿಗೆ ಬೇರೆ ಕಣೋ ಕಂದಾ," ಎಂದಳು.

"ಹೇಗೆ ಬೇರೆ? ಸೂಜಿಗೆ ದಾರ ಅಂದ್ರೆ ಸೂಜಿಗೆ. ಗುಂಡಿಗೆ ತೂತು ಅಂದ್ರೆ ಗುಂಡಿಗೆ."

ಮಗು ಹೇಳಿದ್ದರಲ್ಲಿ ತಪ್ಪೇನಿತ್ತು? "ಗುಂಡಿಗೆ ಅಂದ್ರೆ ಹೃದಯ. ಅದು ಪಂಪಿನ ಥರ," ಅಂತ ದೊಡ್ಡಮ್ಮ ಶುರುಮಾಡಿದಳು. ಪಂಪು ಕೆಟ್ಟರೆ, ಕರೆಂಟು ಹೋದರೆ, ನೀರು ಮುಗಿದರೆ, ಎಂದು ಮೆಣಸು ಸರಸರನೆ ಕೇಳಿದಾಗ ಅವಳ ಪಂಪು ಅಲ್ಲೇ ನಿಂತುಹೋಯಿತು. ತನಗೇ ಗೊತ್ತಿಲ್ಲದ್ದನ್ನು ಮಗುವಿಗೆ ಹೇಗೆ ಹೇಳುವುದು?

ಮಾರನೆಯ ದಿನ ಅರ್ಧ ಹೊಲಿದ ಕೋಟನ್ನು ಹಾಗೇ ಬಿಟ್ಟು ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮನಿಗೆ ಬಿಡುವಾಗುವವರೆಗೂ ಬೆಂಚಿನ ಮೇಲೆ ಕೂತಳು. ಒಳಗೆ ಹೋಗಿ, ಸುತ್ತುಬಳಸದೆ ಕೇಳಿದಳು: "ಹೃದಯ ಅಂದ್ರೇನು ಅಂತ ನಂಗೆ ಹೇಳ್ಕೊಡಿ. ನಾನು ದಡ್ಡಿ, ನಿಧಾನಕ್ಕೆ ಹೇಳಿ." ಗುಂಡಿಯ ಕಥೆ ಕೇಳಿ ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಬೇಸರವಿಲ್ಲದೆ ಬಿಡಿಸಿ ಬಿಡಿಸಿ ಹೇಳಿದರು. ಅರ್ಥವಾಗದ ಕಡೆ ದೊಡ್ಡಮ್ಮ "ನಿಲ್ಲಿ, ನಿಲ್ಲಿ" ಅಂದಳು, ಅವರು ನಿಂತರು.

ಬಂದವಳೇ ಚಿಂದಿ ಮೂಟೆ ಬಿಚ್ಚಿದಳು. ಅಂಗೈಯಗಲದ ಬಟ್ಟೆಗೆ ನಾಲ್ಕು ಜೇಬು ಇಟ್ಟಳು, ಮೇಲೆರಡು, ಕೆಳಗೆರಡು. ಜೇಬುಗಳಿಗೆ ಮುಚ್ಚಳ ಹೊಲಿದಳು. ಹಳೆಯ ಅಂಗಿಯ ಎರಡು ತೋಳು ಕತ್ತರಿಸಿ ಎರಡು ಪಕ್ಕಕ್ಕೂ ಹರಡಿದಳು. ಮೆಣಸು ಮಧ್ಯೆ ಬಾಯಿ ಹಾಕಿದರೆ, "ಹೊಲೀತಾ ಇದೀನಿ, ಮಾತಾಡಿಸ್ಬೇಡ" ಅಂತ ಬಾಯಿ ಮುಚ್ಚಿಸಿದಳು. ಎಲ್ಲ ಆದ ಮೇಲೆ ಮಗುವನ್ನು ಮೇಜಿನ ಮೇಲೆಯೇ ಕೂರಿಸಿಕೊಂಡಳು.

"ಕೈ ಮುಷ್ಟಿ ಮಾಡು. ಹ್ಞಾ, ನಿನ್ನ ಹೃದಯ ಇಷ್ಟೇ ದೊಡ್ಡದು. ಒಳಗೆ ನಾಲ್ಕು ಕೋಣೆ. ಈ ನೀಲಿ ದಾರ ನೋಡು, ಇದು ಸುಸ್ತಾದ ರಕ್ತ. ಕಾಲ್ಬೆರಳಿನ ತುದಿವರೆಗೂ ಹೋಗಿ ದುಡಿದು ಬಂದಿದೆ ಪಾಪ. ಮೊದಲು ಈ ಮೇಲಿನ ಕೋಣೆಗೆ ಬರತ್ತೆ. ಅಲ್ಲಿಂದ ಕೆಳಗಿನ ಕೋಣೆಗೆ ಇಳಿಯತ್ತೆ. ಕೆಳಗಿನ ಕೋಣೆ ಒಂದು ಸಲ ಮೈ ಹಿಸುಕ್ಕೊಳ್ಳತ್ತೆ, ನೀನು ಮುಷ್ಟಿ ಬಿಗಿ ಮಾಡ್ತೀಯಲ್ಲ, ಹಾಗೆ. ಚುಯ್ ಅಂತ ರಕ್ತ ಈ ತೋಳುಗಳಿಗೆ ಹೋಗತ್ತೆ. ಇವು ನಿನ್ನ ಶ್ವಾಸಕೋಶ, ನೀನು ಉಸಿರೆಳೆದ ಗಾಳಿಯೆಲ್ಲ ಇಲ್ಲೇ ಇರತ್ತೆ. ಗಾಳಿ ಕುಡಿದು ರಕ್ತ ಕೆಂಪಾಗತ್ತೆ." ನೀಲಿ ದಾರ ಒಂದು ತುದಿಯಲ್ಲಿ ತೋಳಿನೊಳಗೆ ಹೋಯಿತು, ಇನ್ನೊಂದು ತುದಿಯಿಂದ ಕೆಂಪು ದಾರ ಹೊರಬಂತು. ಮೆಣಸಿನ ಬಾಯಿ ತೆರೆದೇ ಇತ್ತು. "ಈಗ ಈ ಕಡೆಯ ಮೇಲಿನ ಕೋಣೆ. ಆಮೇಲೆ ಕೆಳಗಿನದು. ಇದು ಎಲ್ಲಕ್ಕಿಂತ ಗಟ್ಟಿಗ. ಇದು ಹಿಸುಕಿದ್ರೆ ಕೆಂಪು ರಕ್ತ ಮೈಯೆಲ್ಲ ಸುತ್ತತ್ತೆ, ನಿನ್ನ ಈ ಚೂಪು ಮೂಗಿಗೂ ಬರತ್ತೆ."

"ಹಿಂದಕ್ಕೆ ಬಂದ್ರೆ?"

"ಮುಚ್ಚಳ ಯಾಕಿಟ್ಟೆ ಮತ್ತೆ? ಒಂದೇ ಕಡೆ ತೆರೆಯೋ ಮುಚ್ಚಳ. ಹಿಂದಕ್ಕೆ ಬರೋಕೆ ನೋಡಿದ್ರೆ ತಾನೇ ಮುಚ್ಕೊಳ್ಳತ್ತೆ. ಒಳಗಿನ ಮುಚ್ಚಳ ಮುಚ್ಚಿದಾಗ ಲಬ್. ಹೊರಗಿನದು ಮುಚ್ಚಿದಾಗ ಡಬ್. ಬಾ, ಕೇಳು." ಮಗುವಿನ ಕಿವಿಯನ್ನು ತನ್ನ ಎದೆಗೆ ಒತ್ತಿಕೊಂಡಳು. ಮೆಣಸು ಬಹಳ ಹೊತ್ತು ಕೇಳಿತು.

"ಅದಕ್ಕೆ ರಜಾನೇ ಇಲ್ವಾ ದೊಡ್ಡಮ್ಮ?"

"ಒಂದು ಸಲ ಹಿಸುಕಿ ಇನ್ನೊಂದು ಸಲ ಹಿಸುಕೋ ಮಧ್ಯೆ ಒಂಚೂರು ಸುಧಾರಿಸ್ಕೊಳ್ಳತ್ತೆ. ಅಷ್ಟೇ ಅದರ ರಜಾ. ನಮ್ಮ ಮಾಸ್ಟರು ನಂಗೆ ಕೊಡೋ ಹಾಗೆ."

ಕೊನೆಗೆ ದೊಡ್ಡಮ್ಮ ಮೇಲಿನ ಎರಡು ಜೇಬುಗಳ ನಡುವಿನ ಗೋಡೆಯನ್ನು ತೋರಿಸಿದಳು. ಅಲ್ಲಿ ಅವಳು ಒಂದು ಸೀಳು ಮಾಡಿದ್ದಳು. ಕೆಂಪು ದಾರವನ್ನು ಅದರೊಳಗಿಂದ ನೀಲಿಯ ಕಡೆಗೆ ನುಗ್ಗಿಸಿದಳು. "ನೋಡು, ಗಾಳಿ ಕುಡಿದು ತಯಾರಾಗಿ ಬಂದ ರಕ್ತ ಇಲ್ಲಿಂದ ಕಳ್ಳತನದಲ್ಲಿ ಹಿಂದಕ್ಕೆ ಜಾರತ್ತೆ. ಮತ್ತೆ ಅದೇ ತೋಳಿಗೆ ಹೋಗತ್ತೆ. ತೋಳಿಗೆ ಸುಮ್ಮನೆ ಎರಡೆರಡು ಕೆಲಸ. ಅದಕ್ಕೇ ನಿಂಗೆ ಏದುಸಿರು, ಅದಕ್ಕೇ ಕೆಮ್ಮು."

ಮೆಣಸು ಸೀಳಿಗೆ ಬೆರಳು ತೂರಿಸಿತು, ತೆಗೆಯಿತು, ಇನ್ನೊಮ್ಮೆ ತೂರಿಸಿತು. ಹುಬ್ಬು ಗಂಟಿಕ್ಕಿತು. ಆಮೇಲೆ ಮುಖ ಇಷ್ಟಗಲವಾಯಿತು.

"ದೊಡ್ಡಮ್ಮ! ಇದು ಗುಂಡಿ ತೂತಲ್ಲ. ಇದು ಕಾಜಾ! ಬರೀ ಕಾಜಾ ಮಾಡಿದಾರೆ, ಗುಂಡಿ ಹಾಕಿಲ್ಲ!"

ದೊಡ್ಡಮ್ಮ ಬೆರಗಾಗಿ ನೋಡಿದಳು. ಜೀವಮಾನವೆಲ್ಲ ಕಾಜಾ ಮಾಡಿದ ಅವಳಿಗೇ ಅದು ಹೊಳೆದಿರಲಿಲ್ಲ.

"ಹೌದು ಕಣೇ ನನ್ನ ಬಂಗಾರ," ಎಂದಳು. "ಡಾಕ್ಟರಮ್ಮ ಗುಂಡಿ ಹಾಕ್ತಾರೆ. ಅಂಚು ಗಟ್ಟಿ ಇದ್ಯಾ ಅಂತ ನೋಡ್ಬೇಕಂತೆ, ಅಷ್ಟೇ."

"ಅಂಚು ನೋಡದೆ ಹೇಗೆ ಗುಂಡಿ ಹಾಕ್ತಾರೆ?" ಅಂತ ಮೆಣಸು, ಇವರಿಗೆಲ್ಲ ಇಷ್ಟೂ ಗೊತ್ತಿಲ್ಲವೇ ಎನ್ನುವ ಧಾಟಿಯಲ್ಲಿ ಹೇಳಿತು.

ವಾರ ಕಳೆದು ಆಸ್ಪತ್ರೆಗೆ ಹೋದಾಗ ಮೆಣಸು ತಾನೇ ಅಂಗಿ ಬಿಚ್ಚಿತು. ನರ್ಸಮ್ಮನ ಹೆಬ್ಬೆರಳನ್ನು ನೋಡಿ, "ನೋವು ಹೋಯ್ತಾ?" ಎಂದು ಕೇಳಿತು. ಬಟ್ಟೆಯ ಹೃದಯವನ್ನು ಕೈಯಲ್ಲಿ ಹಿಡಿದು, ಕಲ್ಲಿನ ಹಾಗೆ ಅಲುಗದೆ ಮಲಗಿತು. ಡಾಕ್ಟರಮ್ಮ ಪರದೆಯನ್ನು ಎಷ್ಟೋ ಹೊತ್ತು ನೋಡಿದರು. ತಂಗಿ ಗಂಡನ ಕೈ ಹಿಡಿದುಕೊಂಡಿದ್ದಳು. ದೊಡ್ಡಮ್ಮ ಗೋಡೆಗೆ ಅಂಟಿ ನಿಂತಿದ್ದಳು.

"ಅಂಚು ಚೆನ್ನಾಗಿದೆ," ಎಂದರು ಡಾಕ್ಟರಮ್ಮ. "ಎದೆ ಕೊಯ್ಯೋದು ಬೇಡ." ಆಮೇಲೆ ಬಟ್ಟೆಯ ಹೃದಯವನ್ನು ತಿರುಗಿಸಿ ನೋಡಿ, "ಎಲ್ಲ ಸರಿ, ಎಡ ಬಲ ಮಾತ್ರ ಅದಲು ಬದಲು. ಅಂಗಿ ಒಳಮಗ್ಗುಲು ಹಾಕ್ಕೊಂಡ ಹಾಗಿದೆ," ಎಂದು ನಕ್ಕರು. ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡಳು.

ಮೆಣಸು ಗುಂಡಿಯನ್ನು ನೋಡಲೇಬೇಕೆಂದಿತು. ಡಾಕ್ಟರಮ್ಮ ತೋರಿಸಲೆಂದು ಇಟ್ಟಿದ್ದ ಒಂದನ್ನು ತಂದರು. ಕೂದಲಿನಷ್ಟು ಸಣ್ಣ ತಂತಿಯಿಂದ ನೇಯ್ದ ಎರಡು ಬಿಲ್ಲೆ, ನಡುವೆ ಪುಟ್ಟ ಕುತ್ತಿಗೆ. ಗೋಡೆಯ ಈಚೆಗೊಂದು ಬಿಲ್ಲೆ, ಆಚೆಗೊಂದು. ದೊಡ್ಡಮ್ಮನಿಗೆ ಅದರ ಗುರುತು ಸಿಕ್ಕಿತು. ದಪ್ಪ ಕೋಟಿಗೆ ಗುಂಡಿ ಹಾಕುವಾಗ ಬಟ್ಟೆ ಹರಿಯದಿರಲೆಂದು ಒಳಗಡೆಗೂ ಒಂದು ಪುಟ್ಟ ಗುಂಡಿ ಇಟ್ಟು, ಎರಡನ್ನೂ ಸೇರಿಸಿ ಹೊಲಿಯುತ್ತಾರೆ, ಥೇಟು ಹಾಗೇ. ಆದರೆ ಇದರಲ್ಲಿ ದಾರ ಪೋಣಿಸಲು ಜಾಗವೇ ಇರಲಿಲ್ಲ.

"ಹೊಲಿಯೋದೆಲ್ಲಿ?" ಎಂದು ದೊಡ್ಡಮ್ಮನೇ ಕೇಳಿದಳು. ದಾರವಿಲ್ಲದೆ ನಿಂತ ಗುಂಡಿಯನ್ನು ಅವಳು ಕಂಡವಳಲ್ಲ. ದಾರ ಹಾಕಿ ಹೊಲಿದವೇ ಉದುರಿ ವಾಪಸು ಬರುತ್ತವೆ. ಮಗುವಿನ ಹೆದರಿಕೆ ಇಳಿದು ಈಗ ಅವಳ ಹೆಗಲೇರಿತ್ತು. "ಬಿದ್ದುಗಿದ್ದು ಹೋದ್ರೆ?"

"ಎರಡೂ ಕಡೆಯಿಂದ ಹಿಡ್ಕೊಳ್ಳತ್ತೆ. ಬೀಳೋದು ತೀರಾ ಅಪರೂಪ, ನಾವೂ ಕಣ್ಣಿಟ್ಟಿರ್ತೀವಿ," ಎಂದರು ಡಾಕ್ಟರಮ್ಮ. "ಆಮೇಲೆ ಕೆಲವು ತಿಂಗಳಲ್ಲಿ ಹೃದಯದ ಒಳಪದರಾನೇ ಅದರ ಮೇಲೆ ಬೆಳೆದು ಮುಚ್ಚತ್ತೆ. ಅಲ್ಲಿಗೆ ಅದು ಗೋಡೆಯ ಜೊತೆ ಒಂದಾದ ಹಾಗೆ. ನಾವು ಇಟ್ಟು ಬರ್ತೀವಿ ಅಷ್ಟೇ. ಹೊಲಿಯೋದು ಇವಳೇ."

ಮೆಣಸು ಡಾಕ್ಟರಮ್ಮನನ್ನೂ ದೊಡ್ಡಮ್ಮನನ್ನೂ ಒಂದು ಸಲ ನೋಡಿತು. ಆಮೇಲೆ ತನ್ನ ಎದೆಯನ್ನು ಬಗ್ಗಿ ನೋಡಿಕೊಂಡಿತು.

ಕಫ ಇಳಿದ ಮೇಲೆ ಒಂದು ದಿನ ಬೆಳಿಗ್ಗೆ ಮಗುವನ್ನು ಒಳಗೆ ಕರೆದುಕೊಂಡು ಹೋದರು. ಅಪ್ಪ ಅಮ್ಮ ಬಾಗಿಲ ಬಳಿ ನಿಂತರು. ದೊಡ್ಡಮ್ಮ ಬೆಂಚಿನ ಮೇಲೆ ಕೂತು ಒಂದು ಕೋಟು ತೆಗೆದಳು. ಕೈ ಖಾಲಿಯಿದ್ದರೆ ಹುಚ್ಚು ಹಿಡಿಯುತ್ತದೆಂದು ತಂದದ್ದು. ಒಂದು ಕಾಜಾ ಮಾಡಿದಳು, ಬಿಚ್ಚಿದಳು, ಮತ್ತೆ ಮಾಡಿದಳು. ಸದಾ ಗುಂಡಿಗೆ ಗುಂಡಿಗೆ ಅಂತ ಕೂಗಾಡುವವಳ ಗುಂಡಿಗೆ ಆಗ ಬಾಯಿಗೆ ಬಂದಿತ್ತು. ತಂಗಿಯ ಗಂಡ ಬಂದು ಪಕ್ಕದಲ್ಲಿ ಕೂತು, "ಅಕ್ಕ, ನೀವು ಹೀಗೆ ಸುಮ್ನಿದ್ರೆ ನಂಗೆ ಜಾಸ್ತಿ ಭಯ ಆಗತ್ತೆ. ಏನಾದ್ರೂ ಬಯ್ಯಿ," ಎಂದ. ಅವಳು ಆ ಕಾಜಾವನ್ನೂ ಬಿಚ್ಚಿದಳು.

ಬಾಗಿಲು ತೆರೆದು ಡಾಕ್ಟರಮ್ಮ ಹೊರಬಂದಾಗ ಅವರ ಕಣ್ಣಲ್ಲೇ ಸುದ್ದಿಯಿತ್ತು. "ಸರಿಯಾಗಿ ಕೂತಿದೆ," ಎಂದರು. ತಂಗಿ ಅಕ್ಕನ ಕೊರಳಿಗೆ ಬಿದ್ದಳು. ಆಗ ದೊಡ್ಡಮ್ಮ, ಅಳುವ ಜಾತಿಯಲ್ಲದ ದೊಡ್ಡಮ್ಮ, ಆಸ್ಪತ್ರೆಯ ಜನರೆಲ್ಲ ತಿರುಗಿ ನೋಡುವ ಹಾಗೆ ಅತ್ತಳು.

ಎಚ್ಚರವಾದ ಮೇಲೆ ಮೆಣಸು ಸಾಯಂಕಾಲದವರೆಗೂ ಕಾಲು ಮಡಚದೆ, ಹೊರಳಾಡದೆ ಮಲಗಿರಬೇಕಿತ್ತು. ಆ ವಯಸ್ಸಿನ ಮಕ್ಕಳನ್ನು ಹಾಗೆ ಮಲಗಿಸುವುದರಲ್ಲಿ ನಮ್ಮ ಜೀವ ಹೋಗುತ್ತದೆ ಎಂದು ನರ್ಸಮ್ಮ ಮೊದಲೇ ಹೆದರಿಸಿದ್ದರು. ಇವಳು ಮಾತ್ರ ಮಿಸುಕಾಡದೆ ಮಲಗಿದ್ದಾಳೆ, ಏನು ಮೋಡಿ ಮಾಡಿದ್ರೀ ಎಂದು ಈಗ ಅವರೇ ಕೇಳಿದರು.

ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೆಲ್ಲಗೆ ಒಳಗೆ ಹೋದಳು. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಮೆಣಸು ಅಂಗಾತ ಮಲಗಿ, ಬಲಗೈಯನ್ನು ಎದೆಯ ಮೇಲಿಟ್ಟುಕೊಂಡಿತ್ತು. ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಕನ್ನಡಿಯಲ್ಲಿ ತನ್ನನ್ನೇ ನೋಡಿದ ಹಾಗಾಯಿತು ದೊಡ್ಡಮ್ಮನಿಗೆ.

"ಹೇಗಿದೀಯೋ ಕಂದಾ? ನೋವಿದ್ಯಾ? ನೀರು ಬೇಕಾ? ಒಂದು ಮಾತಾದ್ರೂ ಆಡೇ..."

ಮೆಣಸು ತಲೆ ಕೂಡ ತಿರುಗಿಸಲಿಲ್ಲ.

"ಶ್! ಹೊಲೀತಾ ಇದೀನಿ ದೊಡ್ಡಮ್ಮ," ಎಂದಿತು. "ಮಾತಾಡಿಸ್ಬೇಡ."

ದೊಡ್ಡಮ್ಮ ಬಾಯಿ ಮುಚ್ಚಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಳು.